ಚೆಲ್ಲಿದವನೇ ಒರೆಸಬೇಕು

ಎದುರಾಳಿಯನ್ನು ಅಂಚಿನ ಹಲಗೆಗೆ ಒತ್ತಿ ಹಿಡಿದು, ಅವನ ಕಿವಿಯ ಹತ್ತಿರ ಬಾಯಿ ತಂದು, "ಎಂತ ಅವಸರ ನಿನಗೆ? ಬಸ್ಸು ಹೋಗ್ತದಾ?" ಎಂದು ಕನ್ನಡದಲ್ಲಿ ಗದರುವ ಐಸ್ ಹಾಕಿ ಆಟಗಾರ ಇಡೀ ಜರ್ಮನಿಯಲ್ಲಿ ಒಬ್ಬನೇ ಇದ್ದ. ಹೆಸರು ಬೆನ್ಯಾಮಿನ್, ತಂಡಕ್ಕೂ ಊರಿಗೂ ಬೆನ್ನಿ. ಆರಡಿ ಮೂರಂಗುಲ ಎತ್ತರ, ಬಾಗಿಲು ತುಂಬುವ ಭುಜ, ಮೇಲಿನ ಸಾಲಿನಲ್ಲಿ ಎರಡು ಹಲ್ಲು ಖೋತಾ. ಎದುರಾಳಿ ಫಿನ್‌ಲೆಂಡಿನವನಾಗಲಿ ಕೆನಡಾದವನಾಗಲಿ, ಬೆನ್ನಿಯ ಕೈಗೆ ಸಿಕ್ಕಿದರೆ ಉಡುಪಿಯ ಅಮ್ಮಂದಿರ ಬೈಗುಳ ಕೇಳಿಯೇ ಮುಂದೆ ಹೋಗಬೇಕಿತ್ತು. "ಓಡ್ಬೇಡ ಹೇಳಿದ್ದಲ್ವಾ? ಈಗ ಬಿದ್ಯಲ್ಲ, ಅಳು."

ಅವನಿಗೆ ಗೊತ್ತಿದ್ದದ್ದು ಅಷ್ಟೇ ಕನ್ನಡ. ತಾಯಿ ಪ್ರಮೀಳಾ ಉಡುಪಿಯ ಪ್ರೊಟೆಸ್ಟೆಂಟ್ ಕ್ರೈಸ್ತರ ಮನೆಯವರು, ನರ್ಸ್ ಆಗಿ ಜರ್ಮನಿಗೆ ಬಂದು ಇಲ್ಲಿಯ ಬಡಗಿಯೊಬ್ಬರನ್ನು ಮದುವೆಯಾದರು. ಹ್ಯಾನೋವರ್ ಹತ್ತಿರದ ನಮ್ಮ ಸಣ್ಣ ಊರಿನಲ್ಲಿ ಅವರಿಗೆ ಕನ್ನಡ ಮಾತಾಡಲು ಇದ್ದವನು ಮಗನೊಬ್ಬನೇ. ಹಾಗಾಗಿ ತಾಯಿ ಮಗುವಿಗೆ ಹೇಳುವ ಮಾತು ಯಾವುದೆಲ್ಲ ಉಂಟೋ ಅದೆಲ್ಲ ಬೆನ್ನಿಗೆ ಬಾಯಿಪಾಠ. ಅದರಾಚೆಗೆ ಅವನ ಕನ್ನಡ ಹೋಗುತ್ತಿರಲಿಲ್ಲ. ಊಟ ಮಾಡು, ಕಾಲು ತೊಳೆ, ತಲೆ ಒರೆಸಿಕೊ, ಹಟ ಮಾಡಬೇಡ. ಈ ಬಂಡವಾಳದಲ್ಲಿ ಅವನು ಪ್ರಪಂಚದ ಜೊತೆ ವ್ಯವಹರಿಸುತ್ತಿದ್ದ.

ನಾನು ಆ ಊರಿನ ಐಸ್ ಹಾಲ್‌ನಲ್ಲಿ ಐಸ್‌ಮೈಸ್ಟರ್. ಐಸ್ ಹಾಕುವುದು, ಕಾಯುವುದು, ಆಟದ ವಿರಾಮದಲ್ಲಿ ದೊಡ್ಡ ಗಾಡಿ ಓಡಿಸಿ ಅದರ ಮೇಲ್ಮೈ ತುರಿದು ಬಿಸಿನೀರು ಹರಡಿ ನಯ ಮಾಡುವುದು ನನ್ನ ಕೆಲಸ. ಹೆಂಡತಿಗೆ ಹ್ಯಾನೋವರ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಅವಳ ಹಿಂದೆಯೇ ಬಂದವನು ನಾನು. ಅದಕ್ಕೆ ಮೊದಲು ಹದಿನಾಲ್ಕು ವರ್ಷ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಅಮೋನಿಯಾ ಕಂಪ್ರೆಸರ್ ನೋಡಿಕೊಂಡಿದ್ದೆ. ಇಲ್ಲಿಯ ಹಾಲ್‌ನ ಕಂಪ್ರೆಸರ್ ಕೋಣೆಗೆ ಕಾಲಿಟ್ಟ ದಿನ ಅದೇ ವಾಸನೆ ಮೂಗಿಗೆ ಬಡಿದು, ಊರಿಗೆ ಬಂದಷ್ಟು ಖುಷಿಯಾಗಿತ್ತು. ಯಂತ್ರ ಅದೇ, ಅನಿಲ ಅದೇ, ಇನ್ನೇನು ಕಲಿಯಲಿಕ್ಕಿದೆ ಎಂಬ ಅಹಂಕಾರವೂ ಜೊತೆಗೇ ಬಂತು.

ಮಲ್ಪೆಯಲ್ಲಿ ಒಳ್ಳೆಯ ಐಸ್ ಎಂದರೆ ಗಟ್ಟಿ ಐಸ್. ದೋಣಿ ಸಮುದ್ರಕ್ಕೆ ಹೋಗಿ ಬರುವವರೆಗೆ ಕರಗಬಾರದು, ಮೀನು ಕೆಡಬಾರದು. ನಾನು ಇಲ್ಲಿಯೂ ಅದೇ ಲೆಕ್ಕ ಹಿಡಿದು ತಂಪು ಹೆಚ್ಚಿಸುತ್ತಾ ಹೋದೆ. ಮೊದಲ ಅಭ್ಯಾಸಕ್ಕೆ ಇಳಿದ ಹುಡುಗರ ಸ್ಕೇಟಿನ ಕೆಳಗೆ ನನ್ನ ಐಸ್ ಹಪ್ಪಳದ ಹಾಗೆ ಚೂರುಚೂರಾಯಿತು. ತಿರುಗಲು ಹೋದವರೆಲ್ಲ ಜಾರಿ ಬಿದ್ದರು. ಮ್ಯಾನೇಜರ್ ಬಂದು ಬೈದು ಹೋದ ಮೇಲೆ ನಾನು ಕಂಪ್ರೆಸರ್ ಮುಂದೆ ನಿಂತು ಅದಕ್ಕೆ ನಮ್ಮ ಭಾಷೆಯಲ್ಲಿ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೆ. ಹಿಂದಿನಿಂದ ಒಂದು ಗಡಸು ಧ್ವನಿ ಕೇಳಿತು.

"ಯಾಕೆ ಅಳುವುದು ಮಗಾ? ಯಾರು ಹೊಡೆದದ್ದು? ಊಟ ಮಾಡಿದ್ಯಾ?"

ತಿರುಗಿ ನೋಡಿದರೆ ಹೆಲ್ಮೆಟ್ ಕಂಕುಳಲ್ಲಿ ಇರಿಸಿಕೊಂಡ ಈ ಪರ್ವತ. ನಾನು ಅವನಿಗಿಂತ ಹನ್ನೆರಡು ವರ್ಷ ದೊಡ್ಡವನು. ಜೊತೆಗೆ, ಅಳುತ್ತಿರಲೂ ಇಲ್ಲ. ಆದರೆ ಹೊಸ ದೇಶದಲ್ಲಿ ಮೊದಲ ವಾರವೇ ಮರ್ಯಾದೆ ಹೋದ ಹೊತ್ತಿಗೆ ಒಬ್ಬ ಬಂದು ಊಟ ಮಾಡಿದ್ಯಾ ಎಂದು ಕೇಳಿದರೆ, ಇಲ್ಲ ಎಂದು ನಿಜವೇ ಬಾಯಿಗೆ ಬರುತ್ತದೆ. ಅವನು ನನ್ನನ್ನು ಕರೆದುಕೊಂಡು ಹೋಗಿ ಐಸಿನ ಮೇಲೆ ಕುಕ್ಕರಗಾಲಲ್ಲಿ ಕೂರಿಸಿ, ಕೈಗವಸು ತೆಗೆಸಿ, ನನ್ನ ಅಂಗೈಯನ್ನು ಐಸಿಗೆ ಒತ್ತಿ ಹಿಡಿದ. ಉಳಿದದ್ದನ್ನು ಜರ್ಮನ್‌ನಲ್ಲಿ ಹೇಳಿದ. ಕೈ ಸ್ವಲ್ಪ ಅಂಟಿಕೊಂಡು ಬಿಡಬೇಕು, ಹಿಡಿದುಕೊಳ್ಳಬಾರದು. ಬ್ಲೇಡು ಐಸನ್ನು ಕಚ್ಚಬೇಕು, ಒಡೆಯಬಾರದು. ಹದ ಎಂಬ ಮಾತು ಮಾತ್ರ ಅವನಿಗೆ ಕನ್ನಡದಲ್ಲಿ ಗೊತ್ತಿತ್ತು. ಅಮ್ಮ ದೋಸೆ ಹಿಟ್ಟಿಗೆ ಹೇಳುತ್ತಿದ್ದದ್ದು. "ಹದ ಇಲ್ಲ ಮಗಾ. ಹದ ಬರ್ಬೇಕು."

ಆ ಭಾನುವಾರ ಪ್ರಮೀಳಕ್ಕ ನಮ್ಮನ್ನು ಊಟಕ್ಕೆ ಕರೆದರು. ಮಗ ನನ್ನನ್ನು ಮಗಾ ಎಂದು ಕರೆಯುವುದು ಕೇಳಿ ಅವರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. "ಅಣ್ಣ ಹೇಳ್ಬೇಕು ಬೆನ್ಯಾ, ದೊಡ್ಡವ್ರು ಅವ್ರು," ಎಂದರು. ಅಂದಿನಿಂದ ನಾನು ಸುಧಾಕರಣ್ಣನಾದೆ. "ಸುಧಾಕರಣ್ಣ, ಬಾ, ಕೂತ್ಕೊ, ಮೂಗು ಒರೆಸು." ಮಧ್ಯೆ ಒಂದು ಅಣ್ಣ ಸೇರಿತು, ಬೇರೇನೂ ಬದಲಾಗಲಿಲ್ಲ.

ಬೆನ್ನಿ ದೊಡ್ಡ ಹೆಸರಿನ ಆಟಗಾರ ಆಗಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ದಕ್ಷಿಣದ ಒಂದು ದೊಡ್ಡ ಕ್ಲಬ್ಬು ಅವನನ್ನು ಕರೆದುಕೊಂಡು ಹೋಗಿ ಎರಡು ವರ್ಷ ಬೆಂಚು ಬಿಸಿ ಮಾಡಿಸಿ ವಾಪಸು ಕಳಿಸಿತ್ತು. ಆಮೇಲೆ ಎರಡನೆಯ ದರ್ಜೆಯ ನಮ್ಮ ಕ್ಲಬ್ಬೇ ಅವನ ಜಗತ್ತು. ಅವನು ಡಿಫೆಂಡರ್. ಗೋಲು ಹೊಡೆಯುವುದು ಅವನ ಇಲಾಖೆಯಲ್ಲ. ಪಕ್ ಎಂಬ ಆ ಕರಿ ರಬ್ಬರಿನ ಬಿಲ್ಲೆ ಗುಂಡಿನ ವೇಗದಲ್ಲಿ ಬರುವಾಗ ಅದರ ಮುಂದೆ ಅಡ್ಡ ಮಲಗುವುದು ಅವನ ಉದ್ಯೋಗ. ಹಣೆ, ದವಡೆ, ಪಕ್ಕೆಲುಬು, ಕಣಕಾಲು ಎಲ್ಲವೂ ಒಂದೊಂದು ಸಲ ಒಡೆದಿದ್ದವು. ಮೈಯಲ್ಲಿ ಎಲ್ಲಿ ಒಡೆದಿಲ್ಲ ಎಂದು ಕೇಳಿದರೆ ಬೇಗ ಉತ್ತರ ಸಿಗುತ್ತಿತ್ತು. ಪ್ರತಿ ಪಂದ್ಯಕ್ಕೂ ಎರಡು ಗಂಟೆ ಮೊದಲೇ ಬಂದು, ಗೋಲಿನ ಮುಂದೆ ಕೂತು, ಅಂಗೈ ಒತ್ತಿ ನನ್ನ ಐಸಿಗೆ ಅಂಕ ಕೊಡುತ್ತಿದ್ದ. "ಇವತ್ತು ಉಪ್ಪು ಸರಿ ಉಂಟು ಸುಧಾಕರಣ್ಣ." ನಾನು ನೀರು ಜಾಸ್ತಿ ಬಿಟ್ಟ ದಿನ, "ಗಂಜಿ ಆಗಿದೆ," ಎಂದು ಮುಖ ಸಿಂಡರಿಸುತ್ತಿದ್ದ. ಮ್ಯಾನೇಜರ್‌ನ ಬೈಗುಳಕ್ಕೆ ಹೆದರದ ನಾನು ಆ ಅಂಗೈಗೆ ಹೆದರುತ್ತಿದ್ದೆ.

ಇನ್ನು ಆ ಗೋಲಿನ ಕತೆ. ಅದನ್ನು ಹೇಳದೆ ಬೆನ್ನಿಯ ಬಗ್ಗೆ ಹೇಳಲು ಆಗುವುದಿಲ್ಲ.

ಐಸ್ ಹಾಕಿಯಲ್ಲಿ ಒಂದು ನಿಯಮವಿದೆ. ಎದುರಾಳಿ ತಪ್ಪು ಮಾಡಿದರೆ ರೆಫ್ರಿ ಕೂಡಲೇ ಸೀಟಿ ಊದುವುದಿಲ್ಲ, ಸುಮ್ಮನೆ ಕೈ ಎತ್ತಿ ಹಿಡಿಯುತ್ತಾನೆ. ತಪ್ಪು ಮಾಡಿದ ತಂಡದವರು ಪಕ್ಕನ್ನು ವಶಕ್ಕೆ ತೆಗೆದುಕೊಂಡ ಕ್ಷಣ ಸೀಟಿ. ಅಲ್ಲಿಯವರೆಗೆ ಅವರು ಗೋಲು ಹೊಡೆಯುವ ಪ್ರಶ್ನೆಯೇ ಇಲ್ಲವಾದ್ದರಿಂದ, ನಮ್ಮ ಗೋಲ್‌ಕೀಪರ್ ಗೋಲು ಬಿಟ್ಟು ಬೆಂಚಿಗೆ ಓಡಿ ಬರುತ್ತಾನೆ. ಅವನ ಬದಲು ದಾಳಿಗೆ ಒಬ್ಬ ಹೆಚ್ಚಿನ ಆಟಗಾರ ಇಳಿಯುತ್ತಾನೆ. ಗೋಲು ಖಾಲಿ, ಆದರೆ ಭಯವಿಲ್ಲ. ಆ ಖಾಲಿ ಗೋಲಿಗೆ ಪಕ್ ಹೋಗಬೇಕಾದರೆ ನಮ್ಮವರೇ ಕಳಿಸಬೇಕು.

ಮೇಲಿನ ದರ್ಜೆಗೆ ಏರಲು ಒಂದೇ ಪಂದ್ಯ ಬಾಕಿ ಇತ್ತು, ಎರಡೂ ತಂಡ ಸರಿಸಮ, ನಾಲ್ಕು ನಿಮಿಷ ಉಳಿದಿತ್ತು. ರೆಫ್ರಿ ಕೈ ಎತ್ತಿದ. ಗೋಲ್‌ಕೀಪರ್ ಹೊರಬಂದ. ಎದುರಾಳಿಯ ಭಾಗ ಶುರುವಾಗುವ ನೀಲಿ ಗೆರೆಯ ಒಳಗೆ ಪಕ್ ಬೆನ್ನಿಯ ಕೋಲಿಗೆ ಬಂತು. ಹಿಂದೆ ತನ್ನ ಜೊತೆಗಾರ ಇದ್ದಾನೆ ಎಂದುಕೊಂಡು, ನೋಡದೆಯೇ ಹಿಂದಕ್ಕೆ ತಳ್ಳಿದ. ಜೊತೆಗಾರ ಆಗಷ್ಟೇ ಬದಲಿಗೆಂದು ಬೆಂಚಿಗೆ ಹೊರಟಿದ್ದ. ಪಕ್ ಯಾರಿಗೂ ಸಿಗದೆ, ಅವಸರವೂ ಇಲ್ಲದೆ, ಇಡೀ ಅಂಗಳ ದಾಟಿ ನಮ್ಮದೇ ಗೋಲಿನ ಕಡೆ ಹೊರಟಿತು. ಬೆನ್ನಿ ಅದರ ಹಿಂದೆ ಓಡಿದ, ಕೊನೆಗೆ ಹೊಟ್ಟೆಯ ಮೇಲೆ ಜಾರುತ್ತಾ ಕೋಲು ಚಾಚಿದ. ಒಂದು ಗೇಣು ಸಾಲಲಿಲ್ಲ.

ನಾನು ನನ್ನ ಗಾಡಿಯ ಗೇಟಿನ ಹತ್ತಿರ ನಿಂತು ಅದನ್ನು ನೋಡಿದೆ. ಆವತ್ತು ನನ್ನ ಐಸ್ ಬಹಳ ಚೆನ್ನಾಗಿತ್ತು. ಪಂದ್ಯಕ್ಕೆ ಮೊದಲು ಬೆನ್ನಿ ಕೈ ಒತ್ತಿ ನೋಡಿ, "ಸುಧಾಕರಣ್ಣ, ಅಮ್ಮ ಮಾಡಿದ ಹಾಗೆ ಉಂಟು," ಎಂದು ಹೊಗಳಿದ್ದ. ಸ್ವಲ್ಪ ಒರಟಾಗಿದ್ದರೆ ಆ ಪಕ್ ಅರ್ಧ ದಾರಿಯಲ್ಲಿ ಸುಸ್ತಾಗುತ್ತಿತ್ತು. ಈ ಸಂಕಟ ನಾನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಕೂಡ.

ನಾವು ಸೋತೆವು. ಊರು ಅದನ್ನು ಮರೆಯಲಿಲ್ಲ. ಬೇಕರಿಯಲ್ಲಿ ಬ್ರೆಡ್ ಕೊಡುವ ಹೆಂಗಸು ಕೂಡ, "ನೋಡಿ ಹಿಡಿಯಿರಿ, ಹಿಂದಕ್ಕೆ ಬಿಡಬೇಡಿ," ಎಂದಳು. ಬೆನ್ನಿ ನಕ್ಕು ಬ್ರೆಡ್ ತೆಗೆದುಕೊಂಡ. ಆಮೇಲೆ ಆ ಬೇಕರಿಗೆ ಹೋಗುವುದನ್ನು ಬಿಟ್ಟ. ಅದೇ ಬೇಸಿಗೆಯಲ್ಲಿ ಬೇರೆ ಊರಿನ ಕ್ಲಬ್ಬೊಂದು ಅವನನ್ನು ಕರೆಯಿತು. ಹೊಸ ಊರು, ಹೊಸ ಜನ, ಗೋಲಿನ ಕತೆ ಗೊತ್ತಿಲ್ಲದ ಬೇಕರಿ. ಹೋಗು ಮಾರಾಯ ಎಂದು ನಾನೂ ಹೇಳಿದೆ. ಅವನು ಫೆರ್‌ಟ್ರಾಗ್‌ನ ಕಾಗದ, ಅದೇ ಹೊಸ ಕ್ಲಬ್ಬಿನ ಕರಾರು, ಮಡಚಿ ಜೇಬಿಗೆ ಹಾಕಿಕೊಂಡು ಕೇಳಿದ.

"ಸುಧಾಕರಣ್ಣ, ನೀನು ಸಣ್ಣವ ಇರುವಾಗ ಹಾಲು ಚೆಲ್ಲಿದ್ರೆ ಯಾರು ಒರೆಸುವುದು?"

"ಅಮ್ಮ."

"ನಮ್ಮ ಮನೆಯಲ್ಲಿ ಹಾಗಿಲ್ಲ. ಚೆಲ್ಲಿದವನೇ ಒರೆಸ್ಬೇಕು. ಒರೆಸದೆ ಹೊರಗೆ ಹೋಗ್ಲಿಕ್ಕೆ ಇಲ್ಲ."

ಅವನು ಉಳಿದ. ನಮ್ಮನ್ನು ಮೇಲಿನ ದರ್ಜೆಗೆ ಏರಿಸದೆ ಸ್ಕೇಟು ಬಿಚ್ಚುವುದಿಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದಿದ್ದ. ಅಷ್ಟು ಹೊತ್ತಿಗೆ ಅವನಿಗೆ ಮೂವತ್ತಮೂರು, ಎಡ ಮೊಣಕಾಲು ಆಗಲೇ ಎರಡು ಸಲ ಕತ್ತರಿ ಕಂಡಿತ್ತು.

ಅಭ್ಯಾಸ ಮುಗಿದು ಎಲ್ಲರೂ ಸ್ನಾನಕ್ಕೆ ಹೋದ ಮೇಲೆ ಬೆನ್ನಿ ಒಬ್ಬನೇ ಉಳಿಯುತ್ತಿದ್ದ. ಆ ನೀಲಿ ಗೆರೆಯ ಹತ್ತಿರ ಒಂದು ಹಳೆಯ ಟಯರು ಇಟ್ಟು, ಅದಕ್ಕೆ ಬೆನ್ನು ಹಾಕಿ, ಒಮ್ಮೆ ಭುಜದ ಮೇಲಿಂದ ನೋಡಿ, ಪಕ್ಕನ್ನು ಹಿಂದಕ್ಕೆ ಕಳಿಸುವುದು. ನೋಡಿ, ಕಳಿಸುವುದು. ತಪ್ಪಿದರೆ ಪಕ್ ದೂರದ ಗೋಲಿನ ಕಡೆ ಜಾರಿ ಹೋಗುತ್ತಿತ್ತು. ಅವನು ನಿಧಾನಕ್ಕೆ ಹೋಗಿ ತರುತ್ತಿದ್ದ. ನಾನು ಗಾಡಿ ಹತ್ತಿ ಕಾಯುತ್ತಾ, "ಬೆನ್ನಿ, ನನಗೂ ಮನೆ ಉಂಟು ಮಾರಾಯ," ಎನ್ನುತ್ತಿದ್ದೆ. "ಹಟ ಮಾಡ್ಬೇಡ, ಇನ್ನು ಹತ್ತು," ಎನ್ನುತ್ತಿದ್ದ. ಆ ಹತ್ತು ಯಾವತ್ತೂ ಹತ್ತಕ್ಕೆ ಮುಗಿದದ್ದಿಲ್ಲ.

ಬವೇರಿಯಾದಿಂದ ಬಂದ ಹೊಸ ಕೋಚ್‌ಗೆ ಇದ್ಯಾವುದೂ ಬೇಕಿರಲಿಲ್ಲ. ಮೊದಲ ಸಭೆಯಲ್ಲೇ ಕಟ್ಟಪ್ಪಣೆ ಮಾಡಿದ: ರೆಫ್ರಿ ಕೈ ಎತ್ತಿದ ಕೂಡಲೇ ಗೋಲ್‌ಕೀಪರ್ ಜೊತೆ ಬೆನ್ನಿಯೂ ಹೊರಗೆ ಬರಬೇಕು. ಎರಡು ಸೀಸನ್ ಅದೇ ನಡೆಯಿತು. ಕೈ ಮೇಲೆದ್ದರೆ ಸಾಕು, ನಮ್ಮವರದೇ ಗ್ಯಾಲರಿಯಿಂದ ಸಣ್ಣ ನಗು ಏಳುತ್ತಿತ್ತು; ಬೆನ್ನಿ ತಲೆ ತಗ್ಗಿಸಿ ಬೆಂಚಿಗೆ ಬರುತ್ತಿದ್ದ. ಒಂದು ದಿನವೂ ಎದುರು ಮಾತಾಡಲಿಲ್ಲ. ನನಗೆ ಮಾತ್ರ ಆ ಕೋಚ್‌ನನ್ನು ಗಾಡಿಯ ಮುಂದೆ ನಿಲ್ಲಿಸಿ ತುರಿದುಬಿಡೋಣ ಎನ್ನಿಸುತ್ತಿತ್ತು.

ಮೂರನೆಯ ವರ್ಷ ನಾವು ಮತ್ತೆ ಕೊನೆಯ ಪಂದ್ಯಕ್ಕೆ ಬಂದೆವು. ಡಾಕ್ಟರು ಆಗಲೇ ಹೇಳಿಬಿಟ್ಟಿದ್ದರು: ಈ ಮೊಣಕಾಲಿಗೆ ಇದೇ ಕೊನೆಯ ಚಳಿಗಾಲ. ಗೆದ್ದರೆ ಏರಿದೆವು, ಸೋತರೆ ಬೆನ್ನಿಗೆ ಇನ್ನೊಂದು ವರ್ಷ ಇಲ್ಲ.

ಆವತ್ತು ನಾನೊಂದು ಕಳ್ಳ ಕೆಲಸ ಮಾಡಿದೆ. ನಮ್ಮ ಗೋಲಿನ ಮುಂದಿನ ಜಾಗದಲ್ಲಿ ಗಾಡಿಯ ನೀರು ಕಡಿಮೆ ಬಿಟ್ಟೆ, ಐಸ್ ತುರಿಯುವ ಬ್ಲೇಡು ಸ್ವಲ್ಪ ಮೇಲೆತ್ತಿದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ದೂರದಿಂದ ದಾರಿ ತಪ್ಪಿ ಬರುವ ಪಕ್ ಅಲ್ಲಿ ಮುಗ್ಗರಿಸುತ್ತದೆ. ಇಪ್ಪತ್ತು ವರ್ಷದ ಐಸಿನ ಕಸುಬಿನಲ್ಲಿ ಬೇಕೆಂದೇ ಕೆಟ್ಟ ಐಸ್ ಹಾಕಿದ್ದು ಅದೊಂದೇ ಸಲ. ಪಾಪಪ್ರಜ್ಞೆ ಸ್ವಲ್ಪವೂ ಇರಲಿಲ್ಲ.

ಬೆನ್ನಿ ಎಂದಿನಂತೆ ಎರಡು ಗಂಟೆ ಮೊದಲು ಬಂದ. ಕುಂಟುತ್ತಾ ಹೋಗಿ ಕೂತ, ಅಂಗೈ ಒತ್ತಿದ. ಒಂದು ಸಲ, ಆಮೇಲೆ ಒಂದು ಮಾರು ಆಚೆ, ಆಮೇಲೆ ಇನ್ನೊಂದು ಕಡೆ. ನಂತರ ನನ್ನನ್ನು ನೋಡಿದ.

"ಇಲ್ಲಿ ಹದ ಇಲ್ಲ ಸುಧಾಕರಣ್ಣ."

"ಪೈಪಿನದು ಏನೋ ತೊಂದರೆ," ಎಂದೆ.

"ಸುಳ್ಳು ಹೇಳ್ಬೇಡ. ನನಗೆ ಬೇಕಾಗಿ ಮಾಡಿದ್ದಾ?"

ಅವನು ಪಕ್ಕದಲ್ಲಿ ಬಂದು ನಿಂತು ಭುಜದ ಮೇಲೆ ಕೈ ಇಟ್ಟ. ಅದರ ಭಾರಕ್ಕೆ ನಾನು ಬಾಗಿದೆ. "ಆ ದಿನ ಐಸ್ ಚಂದ ಇತ್ತು. ತಪ್ಪು ನಂದು. ನಿಂದಲ್ಲ." ನನ್ನ ಆ ಸಂಕಟವನ್ನು ಅವನು ಎಷ್ಟು ದಿನದಿಂದ ತಿಳಿದುಕೊಂಡಿದ್ದನೋ! ನನ್ನ ಕಣ್ಣಿಗೆ ನೀರು ಬಂತು. "ಹೋಗು," ಎಂದ, "ಚಂದ ಮಾಡಿ ಹಾಕು. ಅಳುವುದಾದ್ರೆ ಆಮೇಲೆ."

ನಾನು ಗಾಡಿ ಹೊರಗೆ ತೆಗೆದು ಮೂಲೆಯಿಂದ ಮೂಲೆಗೆ ಹೊಸದಾಗಿ ಐಸ್ ಹಾಕಿದೆ. ಎರಡನೆಯ ವಿರಾಮದಲ್ಲಿ ಎರಡೂ ತಂಡ ಎರಡೆರಡು ಗೋಲು ಹೊಡೆದು ಸಮನಾಗಿದ್ದಾಗ ನಮ್ಮ ಗೋಲಿನ ಮುಂದೆ ನೀರು ಕಡಿಮೆ ಮಾಡಲು ನನ್ನ ಕೈ ಕವಾಟಕ್ಕೆ ಹೋದದ್ದು ನಿಜ. ಆದರೂ ಎಲ್ಲ ಕಡೆ ಸಮನಾಗಿ ಬಿಟ್ಟೆ. ಅದಕ್ಕಿಂತ ಚಂದದ ಐಸ್ ನಾನು ಹಿಂದೆ ಹಾಕಿರಲಿಲ್ಲ, ಮುಂದೆ ಹಾಕುತ್ತೇನೆಂಬ ಭರವಸೆಯೂ ಇಲ್ಲ.

ಆರು ನಿಮಿಷ ಉಳಿದಿರುವಾಗ ರೆಫ್ರಿಯ ಕೈ ಮೇಲೆದ್ದಿತು. ನಮ್ಮ ಗೋಲ್‌ಕೀಪರ್ ಓಡಿ ಬಂದ. ಬೆನ್ನಿಯೂ ಅಭ್ಯಾಸಬಲದಿಂದ ಬೆಂಚಿನ ಕಡೆ ತಿರುಗಿದ. ಅವನ ಬದಲಿಗೆ ಇಳಿಯಬೇಕಾದ ಡಿಫೆಂಡರ್‌ನ ಭುಜ ಹಿಂದಿನ ಅವಧಿಯಲ್ಲಿ ಕಳಚಿ, ಅವನು ಒಳಗೆ ಮಲಗಿದ್ದ. ಕೋಚ್ ಬೆಂಚಿನ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದ. ಅಲ್ಲಿ ಎಳೆಯ ಮುಖಗಳು ಮಾತ್ರ ಇದ್ದವು. ಕೋಚ್ ಬೆನ್ನಿಯ ಕಡೆ ಅಂಗೈ ಎತ್ತಿ, "ನಿಲ್ಲು. ನೀನೇ ಆಡು," ಎಂದು ಕೂಗಿದ. ಬೆಂಚಿನ ಪಕ್ಕದ ಗೇಟಿನಲ್ಲಿದ್ದ ನನಗೆ ಅದು ಸ್ಪಷ್ಟವಾಗಿ ಕೇಳಿತು.

ಪಕ್ ಮೂಲೆಯಿಂದ ಹೊರಗೆ ಬಂದು ನೀಲಿ ಗೆರೆಯ ಒಳಗೆ ಬೆನ್ನಿಯ ಕೋಲಿಗೆ ಸಿಕ್ಕಿತು. ಅದೇ ಜಾಗ. ನನ್ನ ಹಿಂದೆ ಯಾರೋ "ಬೇಡ, ಬೇಡ" ಎಂದು ಜರ್ಮನ್‌ನಲ್ಲಿ ಪ್ರಾರ್ಥಿಸುತ್ತಿದ್ದರು. ಎದುರಾಳಿಗಳಿಗೂ ಕತೆ ಗೊತ್ತಿತ್ತು. ಇವನು ಸತ್ತರೂ ಹಿಂದಕ್ಕೆ ಕೊಡುವವನಲ್ಲ ಎಂದು ಇಬ್ಬರು ಒಟ್ಟಿಗೆ ಅವನ ಮೇಲೆಯೇ ನುಗ್ಗಿದರು. ಬೆನ್ನಿ ಒಮ್ಮೆ ಭುಜದ ಮೇಲಿಂದ ನೋಡಿದ. ಹಿಂದಕ್ಕೆ ಕಳಿಸಿದ.

ನನ್ನ ಐಸಿನ ಮೇಲೆ ಆ ಪಕ್ ದಾರ ಎಳೆದ ಹಾಗೆ ಹೋಗಿ ಜೊತೆಗಾರನ ಕೋಲಿಗೆ ಅಂಟಿಕೊಂಡಿತು. ಇಬ್ಬರು ಬೆನ್ನಿಯ ಮೇಲೆ ಬಿದ್ದಿದ್ದರಿಂದ ಜೊತೆಗಾರನ ಮುಂದೆ ದಾರಿ ಬಯಲಾಗಿತ್ತು. ಅವನು ಬೀಸಿದ. ಬಲೆ ಉಬ್ಬಿದ್ದು ಕಂಡಿತು. ಸದ್ದು ಆಮೇಲೆ ಬಂತು, ತಗಡಿನ ಮಾಡು ಹಾರಿಹೋಗುವಷ್ಟು ಸದ್ದು. ತಂಡ ಗೋಲು ಹೊಡೆದವನ ಮೇಲೆ ಬಿದ್ದು ಗುಡ್ಡೆಯಾಯಿತು. ಬೆನ್ನಿ ಆ ಗುಡ್ಡೆಗೆ ಹೋಗಲಿಲ್ಲ. ತನ್ನ ಮೇಲೆ ಬಿದ್ದಿದ್ದ ಇಬ್ಬರನ್ನು "ಏಳಿ ಏಳಿ, ಬಟ್ಟೆ ಒದ್ದೆ ಆಗ್ತದೆ" ಎಂದು ಎಬ್ಬಿಸಿ, ನೇರ ನನ್ನ ಗೇಟಿಗೆ ಬಂದು ಗಾಜಿಗೆ ಗುದ್ದಿದ.

"ಒರೆಸಿ ಆಯ್ತು ಸುಧಾಕರಣ್ಣ."

ಉಳಿದ ಆರು ನಿಮಿಷದಲ್ಲಿ ಅವನು ಮೂರು ಸಲ ಪಕ್‌ಗೆ ಅಡ್ಡ ಮಲಗಿದ. ಕೊನೆಯದು ಅದೇ ಕೆಟ್ಟ ಮೊಣಕಾಲಿಗೆ ಬಡಿಯಿತು. ನಾವು ಏರಿದೆವು. ಬೆನ್ನಿಯನ್ನು ನಾಲ್ಕು ಜನ ಹೆಗಲ ಮೇಲೆ ಹೊತ್ತು ಐಸಿನ ಸುತ್ತ ಮೆರೆಸಿದರು. ಎರಡು ವರ್ಷ ಅವನನ್ನು ನೋಡಿ ನಕ್ಕ ಗ್ಯಾಲರಿ ಎದ್ದು ನಿಂತು ಅವನ ಹೆಸರು ಕೂಗಿತು. ಕೋಚ್ ಬಂದು ತನ್ನ ಟೋಪಿ ತೆಗೆದು ಬೆನ್ನಿಯ ತಲೆಗೆ ಇಟ್ಟ. ಆವತ್ತು ಆ ಬವೇರಿಯಾದವನನ್ನು ನಾನು ಕ್ಷಮಿಸಿದೆ.

ಈಗ ಬೆನ್ನಿ ಇಲ್ಲಿಲ್ಲ. ಹೆಂಡತಿಯ ಊರು ಆಲ್ಪ್ಸ್ ಬುಡದಲ್ಲಿದೆ, ಅಲ್ಲಿಯ ಸಣ್ಣ ಕ್ಲಬ್ಬಿನಲ್ಲಿ ಡಿಫೆಂಡರ್‌ಗಳಿಗೆ ಪಾಠ ಹೇಳುತ್ತಾನೆ. ತಂದೆ ತೀರಿಕೊಂಡ ಮೇಲೆ ಒಬ್ಬರೇ ಇದ್ದ ಪ್ರಮೀಳಕ್ಕನನ್ನೂ ಜೊತೆಗೆ ಕರೆದುಕೊಂಡು ಹೋದ. ಅವನು ಇಲ್ಲದ ಮೊದಲ ಸೀಸನ್ನಿನಲ್ಲಿ ನಾವು ದೊಡ್ಡ ದರ್ಜೆಯಲ್ಲಿ ದೊಡ್ಡವರ ಜೊತೆ ಆಡಿದೆವು, ಬಿದ್ದೆವು, ಎದ್ದೆವು, ಅಲ್ಲಿಯೇ ಉಳಿದೆವು. ನನಗೆ ಕನ್ನಡದಲ್ಲಿ ಬೈಯುವವರು ಈಗ ಮನೆಯಲ್ಲಿ ಮಾತ್ರ ಇದ್ದಾರೆ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಅವನು ಅಮ್ಮನನ್ನು ಕರೆದುಕೊಂಡು ಹಾಲ್‌ಗೆ ಬಂದಿದ್ದ. ಸೀಸನ್ ಮುಗಿದಿತ್ತು, ನಾನು ಐಸ್ ಕರಗಿಸಲು ಕಂಪ್ರೆಸರ್ ಆರಿಸಿದ್ದೆ. ಮೇಲೆಲ್ಲ ತೆಳ್ಳಗೆ ನೀರು ನಿಂತಿತ್ತು. ಮಗ ಪೆಟ್ಟು ತಿನ್ನುವುದನ್ನು ನೋಡಲಾರೆ ಎಂದು ಪ್ರಮೀಳಕ್ಕ ಅಷ್ಟು ವರ್ಷದಲ್ಲಿ ಒಂದು ಪಂದ್ಯಕ್ಕೂ ಬಂದವರಲ್ಲ. ಆ ಗೋಲನ್ನೂ ನೋಡಿದವರಲ್ಲ. ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ರಬ್ಬರ್ ಬೂಟು. ಒಂದು ಕಡೆ ನನ್ನ ರಟ್ಟೆ, ಇನ್ನೊಂದು ಕಡೆ ಮಗನ ರಟ್ಟೆ ಹಿಡಿದು ಹೆಜ್ಜೆ ಹೆಜ್ಜೆಗೂ ಯೇಸುಸ್ವಾಮಿಯನ್ನು ಕರೆಯುತ್ತಾ ನೀಲಿ ಗೆರೆಯವರೆಗೆ ನಡೆದರು.

"ಇಲ್ಲಿಂದಲಾ ನೀನು ತಪ್ಪಿದ್ದು?" ಎಂದು ಕೇಳಿದರು.

ಬೆನ್ನಿ ತಲೆಯಾಡಿಸಿದ. ಮುಖದಲ್ಲಿ ಹಳೆಯ ನೋವು ಇನ್ನೂ ಇತ್ತು. ಗೆದ್ದ ಮೇಲೂ ಆ ವಿಷಯ ಬಂದರೆ ಅವನು ನೆಲ ನೋಡುತ್ತಿದ್ದ.

"ಎಲ್ಲಿಗೆ ಹೋದದ್ದು?"

ಅವನು ದೂರದ ಗೋಲು ತೋರಿಸಿದ. ಪ್ರಮೀಳಕ್ಕ ಕನ್ನಡಕ ಸರಿ ಮಾಡಿಕೊಂಡು, ಕಣ್ಣು ಕಿರಿದು ಮಾಡಿ, ಆ ತುದಿಯಲ್ಲಿದ್ದ ಸಣ್ಣ ಕೆಂಪು ಚೌಕಟ್ಟನ್ನು ಬಹಳ ಹೊತ್ತು ನೋಡಿದರು. ಮತ್ತೆ ಕಾಲಕೆಳಗಿನ ಗೆರೆ ನೋಡಿದರು, ಮತ್ತೆ ಗೋಲು ನೋಡಿದರು.

"ಇಲ್ಲಿಂದ ಅಲ್ಲಿಗಾ? ಅಷ್ಟು ಸಣ್ಣದಕ್ಕಾ?" ಎಂದರು. "ಬೇಕು ಅಂತ ಹೊಡೆದ್ರೂ ಹೋಗ್ಲಿಕ್ಕಿಲ್ಲ ಬೆನ್ಯಾ. ಕಷ್ಟದ ಕೆಲಸವೇ ಮಾಡಿದ್ದಿ."

ಬೆನ್ನಿ ಒಂದು ಕ್ಷಣ ಅಮ್ಮನನ್ನೇ ನೋಡಿದ. ಆಮೇಲೆ ನಗಲು ಶುರು ಮಾಡಿದ. ಮೂರು ವರ್ಷದಲ್ಲಿ ಆ ಗೋಲಿನ ಮಾತಿಗೆ ಅವನು ಬಾಯಿ ತುಂಬಾ ನಕ್ಕದ್ದು ಅದೇ ಮೊದಲು. ನಕ್ಕು ನಕ್ಕು ನಿಲ್ಲಲಾರದೆ, ಎರಡು ಹಲ್ಲಿನ ಜಾಗ ಪೂರಾ ಕಾಣುವ ಹಾಗೆ ನಗುತ್ತಾ, ಕರಗುವ ಐಸಿನ ನೀರಿನಲ್ಲೇ ಧಪ್ಪನೆ ಕೂತ. "ಏಳು, ಚಡ್ಡಿ ಒದ್ದೆ ಆಗ್ತದೆ," ಎಂದು ಪ್ರಮೀಳಕ್ಕ ಗದರಿದರು. ಅವನು ಏಳಲಿಲ್ಲ.